ಕೂರಲು ಬಾರದವಳು ಗುಡ್ಡ ಹತ್ತಿದ್ದು

ಪ್ಲಾಸ್ಟರಿನೊಳಗೆ ಮಲಗಿ ಸೂರು ನೋಡುತ್ತಿರುವ ಯಾರಾದರೊಬ್ಬ ಹೆಣ್ಣುಮಗಳ ಕೈಗೆ ಈ ಬರಹ ಸಿಗಲಿ ಎಂದು ಬರೆಯುತ್ತಿದ್ದೇನೆ. ನಾನು ಮಲಗಿದ್ದಾಗ ನನಗೆ ಓದಲು ತಂದುಕೊಟ್ಟದ್ದೆಲ್ಲ ದೇವರ ಪುಸ್ತಕಗಳು. ಎಲ್ಲದರಲ್ಲೂ ಸಹನೆಯ ಮಾತೇ. ನನಗೆ ಸಹನೆ ಮೊದಲೇ ಕಡಿಮೆ, ಮಲಗಿದ ಮೇಲೆ ಇದ್ದದ್ದೂ ಹೋಯಿತು. ಆದರೂ ಎದ್ದೆ, ನಡೆದೆ. ಸಹನೆ ಇಲ್ಲದವರೂ ಗುಣವಾಗುತ್ತಾರೆ ಎಂದು ಯಾರಾದರೊಬ್ಬರು ಬರೆದಿಡಬೇಕು.

ನಮ್ಮದು ಧಾರವಾಡದ ಕಡೆಯ ಮನೆತನ. ಯಜಮಾನರು ಶ್ರೀಪಾದರಾಯರು ಮುಂಬಯಿಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಮುಲುಂಡ್‌ನ ಒಂದು ಚಾಳಿನ ಮೇಲಂತಸ್ತಿನಲ್ಲಿ ಎರಡು ಖೋಲಿ. ಅದರಲ್ಲಿ ನಾವಿಬ್ಬರು, ಅತ್ತೆ, ಮಗಳು ಉಷಾ. ನನಗೆ ಮೂವತ್ತು ದಾಟಿದಾಗ ಈ ಕಥೆ ಶುರುವಾಯಿತು, ಅದೂ ತಪ್ಪು ಜಾಗದಲ್ಲಿ. ನೀರಿನ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಎಡ ಮೊಣಕಾಲು ಚುಚ್ಚುತ್ತಿತ್ತು. ಅತ್ತೆ ಎಳ್ಳೆಣ್ಣೆ ಕಾಸಿ ತಿಕ್ಕಿದರು. ಬಾಜೂ ಖೋಲಿಯವರು ಎಕ್ಕೆ ಎಲೆ ಕಟ್ಟಿದರು. ಕೆಲವು ತಿಂಗಳು ಆ ಮೊಣಕಾಲಿಗೆ ನಡೆದ ಉಪಚಾರ ಯಾವ ದೇಸಾಯರ ಕಾಲಿಗೂ ನಡೆದಿರಲಿಕ್ಕಿಲ್ಲ. ಪಾಪ, ಆ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಒಂದು ಸಂಜೆ ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದಾಗ ಹಿಂದಿನಿಂದ ಅತ್ತೆ, "ಇಂದಿರಾ, ನೀ ಕುಂಟಲಿಕ್ಕತ್ತೀ" ಎಂದರು.

"ಇಲ್ರಿ ಅತ್ತಿ."

"ನಾ ಹಿಂದಿಂದ ನೋಡ್ಲಿಕ್ಕತ್ತೀನಿ. ನಿನಗೇನ ಕಾಣಸ್ತದ?"

ಯಜಮಾನರ ಜೊತೆ ಪರೇಲಿನ ದೊಡ್ಡ ಆಸ್ಪತ್ರೆಗೆ ಹೋದೆ. ಕಾಯುವ ಕೋಣೆಯಲ್ಲಿ ಮರದ ಬಾಕುಗಳು, ಬಾಕು ಸಿಗದವರು ಗೋಡೆಗೆ ಆತು ನೆಲದ ಮೇಲೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಅಜ್ಜ ಕರವಸ್ತ್ರ ಬಿಚ್ಚಿ ಅವಲಕ್ಕಿ ಚೂಡಾ ತಿನ್ನುತ್ತಿದ್ದ. ನನ್ನ ಮುಖ ನೋಡಿ ಏನನ್ನಿಸಿತೋ, ಒಂದು ಮುಷ್ಟಿ ನನ್ನ ಕೈಗೂ ಹಾಕಿದ. ತಿಂದೆ. ಆ ದಿನದಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಒಳಗೆ ಡಾಕ್ಟರು ಎಕ್ಸ್‌ರೇ ಫೋಟೋವನ್ನು ದೀಪಕ್ಕೆ ಹಿಡಿದು, ನನ್ನ ಕಡೆ ನೋಡದೆ, ನನ್ನ ಕಾಲಿನ ಸುದ್ದಿಯನ್ನು ನನ್ನ ಗಂಡನಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ತಿಳಿದದ್ದು ಎರಡೇ ಅಕ್ಷರ. ಟಿ.ಬಿ. ಮೊಣಕಾಲಲ್ಲ, ಸೊಂಟದ ಕೀಲು. ಮೂಳೆಯನ್ನೇ ತಿನ್ನುತ್ತಿದೆ. ಇವರ ಕೈಯಲ್ಲಿದ್ದ ಟೋಪಿ ನೆಲಕ್ಕೆ ಬಿತ್ತು. ಇವರು ಅದನ್ನು ಎತ್ತಿಕೊಳ್ಳಲಿಲ್ಲ.

ಲೋಕಲ್‌ನಲ್ಲಿ ವಾಪಸು ಬರುವಾಗ ಇವರು ಮೆಲ್ಲಗೆ, "ಚಾಳಿನ್ಯಾಗ ಸಂಧಿವಾತ ಅಂತ ಹೇಳೂಣು" ಎಂದರು.

ಮರುದಿನ ನಲ್ಲಿಯ ಹತ್ತಿರ ಎಲ್ಲ ಹೆಂಗಸರೂ ಸೇರಿದ್ದರು. ಡಾಕ್ಟರು ಏನೆಂದರು ಎಂದು ಒಬ್ಬಳು ಕೇಳಿದಳು. "ಟಿ.ಬಿ. ಅಂದ್ರು. ಮೂಳಿದು. ಕೆಮ್ಮಿಂದಲ್ಲ, ಯಾರಿಗೂ ಹತ್ತೂದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೊನೆಯ ಮಾತು ಯಾರ ಕಿವಿಗೂ ಹೋಗಲಿಲ್ಲ. ಒಬ್ಬಳು ತನ್ನ ಬಕೆಟ್ಟನ್ನು ಕಾಲಿನಿಂದಲೇ ಆಚೆ ಸರಿಸಿದಳು. ಆ ವಾರದಿಂದ ಉಷಾಳ ಗೆಳತಿಯರು ನಮ್ಮ ಬಾಗಿಲಿಗೆ ಬರುವುದು ನಿಂತಿತು.

"ಊರಿಗೆಲ್ಲ ಡಂಗುರ ಹೊಡೀಬೇಕಾಗಿತ್ತೇನು?" ಎಂದು ಇವರು ಸಿಟ್ಟಾದರು.

"ನನ್ನ ರೋಗ ರೀ. ಡಂಗುರನೂ ನಂದs."

ಆಮೇಲೆ ಎದೆಯ ಕೆಳಗಿನಿಂದ ಎಡಗಾಲಿನ ಬೆರಳತನಕ ಪ್ಲಾಸ್ಟರು ಹಾಕಿದರು. ಕೆಲವು ತಿಂಗಳು ವಾರ್ಡಿನಲ್ಲಿ, ಉಳಿದದ್ದು ಮನೆಯಲ್ಲಿ ಹಲಗೆಯ ಮೇಲೆ. ಸ್ಟ್ರೆಪ್ಟೋಮೈಸಿನ್ ಚುಚ್ಚಿದಾಗೆಲ್ಲ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಒಂದು ಇಡೀ ಮಳೆಗಾಲ ನನ್ನ ಹೊರಗೆ ಸುರಿದು ಹೋಯಿತು. ಪ್ಲಾಸ್ಟರಿನೊಳಗೆ ತುರಿಕೆ ಎದ್ದರೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಹಾಗೆ ಮಾಡಬಾರದೆಂದು ನರ್ಸು ಹೇಳಿದ್ದಳು. ಅವಳಿಗೆ ಪ್ಲಾಸ್ಟರು ಹಾಕಿರಲಿಲ್ಲ.

ದಯೆ ಇರಲಿಲ್ಲವೆಂದಲ್ಲ. ಅತ್ತೆ ನನ್ನ ತಲೆಯನ್ನು ಹಲಗೆಯ ಅಂಚಿನಿಂದ ಇಳಿಬಿಟ್ಟು, ಕೆಳಗೆ ಬೋಗುಣಿ ಇಟ್ಟು, ಸೀಗೆಕಾಯಿ ಹಾಕಿ ಕೂದಲು ತೊಳೆಯುತ್ತಿದ್ದರು. ಬೈಯುತ್ತಲೇ ತೊಳೆಯುತ್ತಿದ್ದರು, ಆದರೆ ಬೆರಳು ಮಾತ್ರ ಮೆತ್ತಗಿರುತ್ತಿತ್ತು. ಇವರು ಕಚೇರಿಯಿಂದ ಬಂದು ಪೇಪರು ಓದಿ ಹೇಳುತ್ತಿದ್ದರು. ಸಾವಿನ ಸುದ್ದಿ ಬಂದರೆ ಮೌನವಾಗಿ ಹಾರಿಸುತ್ತಿದ್ದರು. ಹಾರಿಸಿದ್ದು ನನಗೆ ಗೊತ್ತಾಗುತ್ತಿತ್ತು.

ಹಲಗೆಯನ್ನು ಗ್ಯಾಲರಿಯ ಬಾಗಿಲಿಗೆ ಹಾಕಿದ್ದರಿಂದ ಪಶ್ಚಿಮದ ಗುಡ್ಡಗಳು ಕಾಣುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಬಟ್ಟೆ ಒಣಹಾಕುತ್ತ ಅವನ್ನು ನೋಡಿದ್ದೆ. ಹತ್ತಬಹುದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ರವಿವಾರ ಬೆಳಿಗ್ಗೆ ಕೆಳಗಿನ ರಸ್ತೆಯಲ್ಲಿ ಸೀಟಿ ಕೇಳುತ್ತಿತ್ತು. ಪರಾಂಜಪೆ ಎಂಬ ನಿವೃತ್ತ ಡ್ರಿಲ್ ಮಾಸ್ತರರು ಖಾಕಿ ಚಡ್ಡಿ ಹಾಕಿಕೊಂಡು, ಜನರನ್ನು ಸಾಲು ಮಾಡಿ ಗುಡ್ಡಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. ಉಷಾ ಗ್ಯಾಲರಿಯಿಂದ ಬಗ್ಗಿ, ಯಾರು ಯಾರು ಹೋದರೆಂದು ನನಗೆ ವರದಿ ಕೊಡುತ್ತಿದ್ದಳು. ಕಾಲು ಕಟ್ಟಿಸಿಕೊಂಡವಳಿಗೆ ಉಳಿದವರು ನಡೆಯುವ ಸದ್ದು ಕೇಳಿಸಿದರೆ ಹೊಟ್ಟೆಕಿಚ್ಚಾಗುತ್ತದೆ. ನನಗೂ ಆಯಿತು. ಆ ಹೊಟ್ಟೆಕಿಚ್ಚೇ ನನಗೆ ಔಷಧಿಗಿಂತ ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ.

ಪ್ಲಾಸ್ಟರು ಕತ್ತರಿಸಿ ತೆಗೆದ ದಿನ ಹೊರಬಂದ ಕಾಲು ನನ್ನದೆಂದು ನಂಬಲಾಗಲಿಲ್ಲ. ಒಣಗಿದ ನುಗ್ಗೆಕಾಯಿಯಂತಿತ್ತು, ಚರ್ಮ ಹೊಟ್ಟಿನಂತೆ ಉದುರುತ್ತಿತ್ತು. ರೋಗ ಆರಿದೆ, ಕೀಲು ಗಟ್ಟಿಯಾಗಿ ಕೂಡಿಕೊಂಡಿದೆ, ಇನ್ನು ಅದು ಮಡಚುವುದಿಲ್ಲ, ಕಾಲು ಗಿಡ್ಡ ಉಳಿಯುತ್ತದೆ, ದಪ್ಪ ಅಟ್ಟೆಯ ಬೂಟು ಮಾಡಿಸಬೇಕು ಎಂದು ಡಾಕ್ಟರು ಇವರಿಗೆ ಹೇಳಿದರು. ಇವರು, "ಮನೆಗೆಲಸ ಮಾಡಬಹುದೇ?" ಎಂದು ಕೇಳಿದರು.

ನಾನು ನಡುವೆ ಬಾಯಿ ಹಾಕಿ ಮರಾಠಿಯಲ್ಲಿ ಕೇಳಿದೆ: "ಗುಡ್ಡ ಹತ್ತಬಹುದೇ?"

ಅಷ್ಟು ದಿನಗಳಲ್ಲಿ ಡಾಕ್ಟರು ನನ್ನ ಮುಖ ನೋಡಿದ್ದು ಅದೇ ಮೊದಲು. "ಹತ್ತಿ ಎಂದು ನಾನು ಹೇಳುವುದಿಲ್ಲ. ಹತ್ತಿದರೆ ಕೀಲು ಬಿಟ್ಟುಕೊಳ್ಳುತ್ತದೆ ಎಂದೂ ಹೇಳುವುದಿಲ್ಲ" ಎಂದರು. ಇವರು ಮೊದಲ ಮಾತನ್ನು ಹಿಡಿದುಕೊಂಡು ಮನೆಗೆ ಬಂದರು, ನಾನು ಎರಡನೆಯದನ್ನು.

ಮನೆಗೆ ಬಂದ ಮೇಲೆ ತಿಳಿಯಿತು, ನಮ್ಮ ಬದುಕೆಲ್ಲ ನೆಲದ ಮೇಲೆಯೇ ಇದೆ. ಒಲೆ ನೆಲದ ಮೇಲೆ, ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ. ಚಾಳಿನ ಪಾಯಖಾನೆಯ ಮಾತನ್ನಂತೂ ಬರೆಯದಿರುವುದೇ ಲೇಸು. ಮಡಚದ ಸೊಂಟದವಳಿಗೆ ಇದೊಂದೂ ಸಾಧ್ಯವಿಲ್ಲ. ನಾನು ಮಲಗಬಲ್ಲೆ, ನಿಲ್ಲಬಲ್ಲೆ, ನಡೆಯಬಲ್ಲೆ. ಕೂರುವುದೆಂದರೆ ಎತ್ತರದ ಕುರ್ಚಿಯ ಅಂಚಿಗೆ ವಾರೆಯಾಗಿ ಆನಿಸಿಕೊಳ್ಳುವುದು, ಅಷ್ಟೇ. ಆದರೆ ನೋಡಲು ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: "ಪಾಪ, ನೀವು ಕೂಡ್ರಿ." ಇವರೂ ಅದನ್ನೇ ಅನ್ನುತ್ತಿದ್ದರು. ನಾನು ಮಾಡಲಾರದ ಒಂದೇ ಒಂದು ಕೆಲಸವನ್ನು ಜನ್ಮವಿಡೀ ಮಾಡು ಎಂದು ಎಲ್ಲರೂ ಪ್ರೀತಿಯಿಂದ ಹೇಳುತ್ತಿದ್ದರು. ಕೋಲು ಹಿಡಿದು ಮೊದಲು ಗ್ಯಾಲರಿಯ ಉದ್ದಕ್ಕೆ, ಆಮೇಲೆ ಮೆಟ್ಟಿಲು ಇಳಿದು ಸ್ಟೇಷನ್ನಿನತನಕ ನಡೆದೆ. ಮಕ್ಕಳು ಹಿಂದಿನಿಂದ ನನ್ನ ನಡಿಗೆಯನ್ನು ಅಣಕಿಸುತ್ತಿದ್ದರು. ಚೆನ್ನಾಗಿಯೇ ಅಣಕಿಸುತ್ತಿದ್ದರು.

ಸ್ಟೇಷನ್ನಿನ ಹತ್ತಿರ ಉಡುಪಿಯ ಕಡೆಯ ಶೆಟ್ಟರೊಬ್ಬರ ಹೋಟೆಲು. ಅದರ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ರವಿವಾರದ ಗುಡ್ಡದ ನಡಿಗೆ, ಸಣ್ಣವರು ದೊಡ್ಡವರು ಎಲ್ಲರೂ ಬರಬಹುದು ಎಂದು ಪರಾಂಜಪೆ ಮಾಸ್ತರರು ಮರಾಠಿಯಲ್ಲೂ ಕನ್ನಡದಲ್ಲೂ ಸೀಮೆಸುಣ್ಣದಿಂದ ಬರೆದಿದ್ದರು. ಅವರು ಬೆಳಗಾವಿಯಲ್ಲಿ ಬೆಳೆದವರು.

ಚಳಿಗಾಲದ ಒಂದು ರವಿವಾರ ಬೂಟು ಹಾಕಿಸಿಕೊಂಡು, ಕೋಲು ಹಿಡಿದು ಅಲ್ಲಿ ಹೋಗಿ ನಿಂತೆ. ಮಾಸ್ತರರು ನನ್ನ ಬೂಟು ನೋಡಿ, ಮರಾಠಿ ರೂಢಿಯಂತೆ ಬಾಯಿ ಎಂದು ಕರೆದು ಹೇಳಿದರು.

"ಬಾಯಿ, ನಿಮಗ ಆಗೂದಿಲ್ಲ ಬಿಡ್ರಿ. ಕಲ್ಲುಮುಳ್ಳಿನ ದಾರಿ."

"ಎಲ್ಲಾರೂ ಬರಬಹುದು ಅಂತ ನೀವೇ ಬರದೀರಿ."

"ಹಂಗಂದ್ರ, ಎಲ್ಲಾರೂ ಅಂದ್ರ..." ಎಂದು ಅವರು ಕೊರಳಿನ ಸೀಟಿ ಹಿಡಿದು ತಿರುವಿದರು. "ಬರ್ರಿ. ಆದರ ನಿಮ್ಮ ಸಲುವಾಗಿ ತಂಡ ನಿಲ್ಲೂದಿಲ್ಲ."

ಅಂದು ನನ್ನ ಜೊತೆ ಹಿಂದೆ ಉಳಿದವರು ಹೋಟೆಲಿನ ಶೆಟ್ಟರೊಬ್ಬರೇ. ದೊಡ್ಡ ಮೈ, ಜೊತೆಗೆ ದಮ್ಮಿನ ಕಾಯಿಲೆ. ಕಾಲೇಜು ಹುಡುಗರು ಗದ್ದೆ ದಾಟಿ ಎಲ್ಲೋ ಮುಂದೆ ಮರದ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದರು. ನಾವು ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದ್ದೇ ಮಾಸ್ತರರು ಸೀಟಿ ಊದುತ್ತಿದ್ದರು. ಅವರೆಲ್ಲ ದಣಿವಾರಿಸಿಕೊಂಡು ಎದ್ದು ಹೊರಡುತ್ತಿದ್ದರು. ಹೀಗೆ ಮತ್ತೆ ಮತ್ತೆ ಆಯಿತು. ಗಟ್ಟಿ ಕಾಲಿನವರಿಗೆ ವಿಶ್ರಾಂತಿ, ನಮಗೆ ಬರೀ ಸೀಟಿ. ಗುಡ್ಡದ ಬುಡದ ಒಣಹಳ್ಳದಲ್ಲಿ ಮಾಸ್ತರರು ನಿಂತು, "ಶೆಟ್ಟರ, ಬಾಯಿಯವರನ್ನ ಮನಿಗೆ ಮುಟ್ಟಸ್ರಿ" ಎಂದು ಹೇಳಿ ಮೇಲೆ ಹತ್ತಿಹೋದರು.

ವಾಪಸು ಬರುವಾಗ ನಾನು ಅಳುತ್ತಿದ್ದೆ. ಸಿಟ್ಟಿನ ಅಳು. ಶೆಟ್ಟರು ನೋಡದವರ ಹಾಗೆ ನಡೆದರು. ಕೊನೆಗೆ, "ನಂಗೂ ಆಗ್ತಿರ್ಲಿಲ್ಲ ಅಮ್ಮ. ನಿಮ್ಮ ನೆಪದಲ್ಲಿ ನನ್ನ ಮರ್ಯಾದೆ ಉಳೀತು" ಎಂದರು. ನನಗೆ ಅಳುವಿನ ನಡುವೆಯೇ ನಗು ಬಂತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. "ಮುಗೀತೇನು ಹುಚ್ಚು?"

"ಇಲ್ರಿ."

ಅವರು ನನ್ನ ಬೂಟಿನ ದಾರ ಬಿಚ್ಚಿದರು. ನನ್ನ ಕೈಗೆ ಆ ಕಾಲು ಎಟಕುವುದಿಲ್ಲ. ಬಿಚ್ಚುತ್ತ ತಲೆ ಎತ್ತದೆ, "ಮುಂದಿನ ಸಲ ನಾನೂ ಬರತೀನಿ. ನೀ ಬಿದ್ರ ಎತ್ತವ್ರು ಯಾರು, ಆ ಸೀಟಿ ಮಾಸ್ತರನೇನು?" ಎಂದರು. ಅವರಿಗೆ ಅರವತ್ತು ದಾಟಿತ್ತು. ಎರಡೂ ಮೊಣಕಾಲಲ್ಲಿ ನಿಜವಾದ ಸಂಧಿವಾತ.

ಮುಂದಿನ ಸಲ ಬೇಗ ಬರಲಿಲ್ಲ. ಬೇಸಿಗೆಯೂ ಮಳೆಗಾಲವೂ ನಾವು ತಯಾರಿಯಲ್ಲೇ ಕಳೆದೆವು. ಶೆಟ್ಟರು ಬೆಳಗಿನ ಇಡ್ಲಿ ಇಳಿಸಿ ಗಲ್ಲಾಪೆಟ್ಟಿಗೆ ತಮ್ಮನಿಗೆ ಒಪ್ಪಿಸಿ ಬರುತ್ತಿದ್ದರು. ನಾವು ಮೂವರೂ ಗದ್ದೆಯ ಬದುವಿನ ಮೇಲೆ ಗುಡ್ಡದ ಬುಡದತನಕ ಹೋಗಿ ಬರುತ್ತಿದ್ದೆವು. ಅತ್ತೆಯ ಕಚ್ಚೆ ಸೀರೆ ಆ ದಾರಿಗೆ ಹೇಳಿ ಮಾಡಿಸಿದಂತಿತ್ತು. ನನ್ನ ನೆರಿಗೆಯ ಸೀರೆ ಮುಳ್ಳಿಗೆ ಸಿಕ್ಕಿಸಿಕೊಳ್ಳುತ್ತಿತ್ತು. ಅವರದೇ ಹಳೆಯ ಇಳಕಲ್ಲು ಸೀರೆ ಕೇಳಿ ನಾನೂ ಕಚ್ಚೆ ಹಾಕಿದೆ. ಕಚ್ಚೆ, ಅದರ ಕೆಳಗೆ ಒಂದು ದಪ್ಪ ಬೂಟು, ಒಂದು ತೆಳು ಬೂಟು. ಚಾಳಿನ ಗ್ಯಾಲರಿಗಳೆಲ್ಲ ತುಂಬಿ ನಿಂತು ನೋಡಿದವು. ನೋಡಲಿ ಎಂದೇ ನಡುರಸ್ತೆಯಲ್ಲಿ ನಡೆದೆ.

ದೀಪಾವಳಿ ಕಳೆದ ಮೇಲೆ ಮೂವರೂ ಹೋಗಿ ಮಾಸ್ತರರ ಮುಂದೆ ನಿಂತೆವು.

"ಇವತ್ತ ನಾವು ಮುಂದ ನಡೀತೀವ್ರಿ" ಎಂದೆ.

"ಯಾರು ಮುಂದ?"

"ಕುಂಟಿ, ಮುದುಕಿ, ದಮ್ಮಿನವ್ರು. ಗಟ್ಟಿ ಇದ್ದವರು ಹಿಂದ ಬರ್ರಿ. ಮುಂದಿನವ್ರು ಕೈ ಎತ್ತಿದ್ರ ಎಲ್ಲಾರೂ ನಿಲ್ಲಬೇಕು."

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. "ಹಂಗಾದ್ರ ಮ್ಯಾಲೆ ಮುಟ್ಟೂದ್ರಾಗ ಮಧ್ಯಾಹ್ನ ಆಗ್ತದ ಬಾಯಿ."

"ಆಗಲಿ. ಹೋದ ಸಲ ನಾವು ನಿಮ್ಮ ಬೆನ್ನ ನೋಡಕೋತ ಬಂದ್ವಿ. ಇಲ್ಲಾ ಹಿಂದ ಬರ್ರಿ, ಇಲ್ಲಾ ಆ ಹಲಗಿ ಮ್ಯಾಲಿಂದ ಎಲ್ಲಾರೂ ಅನ್ನೂದನ್ನ ಅಳಸ್ರಿ."

ಅತ್ತೆ ಸೆರಗು ಸಿಕ್ಕಿಸಿಕೊಳ್ಳುತ್ತ, "ಸುಣ್ಣ ಅಳಸಲಿಕ್ಕೆ ನನ್ನ ಸೆರಗು ಕೊಡತೀನಿ" ಎಂದರು.

ಮಾಸ್ತರರು ಹಲಗೆ ನೋಡಿದರು, ನಮ್ಮನ್ನು ನೋಡಿದರು. ಕೊರಳಿನಿಂದ ಸೀಟಿ ತೆಗೆದು ಚಡ್ಡಿಯ ಜೇಬಿಗೆ ಹಾಕಿದರು. "ಚಲಾ, ನಡೀರಿ" ಎಂದರು.

ಅವರನ್ನು ಖಳನಾಯಕನಂತೆ ಚಿತ್ರಿಸಿದರೆ ಅನ್ಯಾಯವಾದೀತು. ಹಿಂದೆ ಬರುತ್ತೇನೆಂದು ಒಪ್ಪಿಕೊಂಡ ಮೇಲೆ ಆ ಮನುಷ್ಯ ನಿಜವಾದ ಮಾಸ್ತರನಾದ. ಒಳ್ಳೆಯ ಕಾಲು ಮೊದಲು ಹತ್ತಬೇಕು, ಇಳಿಯುವಾಗ ಕೆಟ್ಟ ಕಾಲು ಮೊದಲು ಇಳಿಯಬೇಕು ಎಂದು ಕಲಿಸಿದವರು ಅವರೇ. ಬಂಡೆಯ ಕಡಿದಾದ ದಾರಿಯಲ್ಲಿ ನನ್ನ ಎಡಗಾಲು ಮೇಲೇಳಲಿಲ್ಲ. ಕೆಳಗೆ ನೋಡಿದೆ. ಇಲ್ಲಿ ಬಿದ್ದು ಆ ಕೂಡಿದ ಕೀಲು ಮುರಿದರೆ ಮತ್ತೆ ಆ ಹಲಗೆ, ಮತ್ತೆ ಆ ಸೂರು. ಒಂದು ಕ್ಷಣ ನನ್ನ ಧೈರ್ಯವೆಲ್ಲ ಎಲ್ಲಿ ಹೋಯಿತೋ. ಮಾಸ್ತರರು ಅವಸರ ಮಾಡಲಿಲ್ಲ. "ವಾರಿ ಆಗ್ರಿ. ಏಡಿ ಹಂಗ. ಚಂದ ಕಾಣೂದು ಬ್ಯಾಡ, ಮ್ಯಾಲೆ ಮುಟ್ಟೂದು ಬೇಕು" ಎಂದರು. ಏಡಿಯಂತೆ ಅಡ್ಡಡ್ಡ ಹತ್ತಿದೆ. ನನ್ನ ಹಿಂದೆ ಇಡೀ ಸಾಲು ಕಾದು ನಿಂತಿತ್ತು. ಯಾರೂ ನಗುತ್ತಿರಲಿಲ್ಲ.

ಗುಡ್ಡದ ನೆತ್ತಿ ಮುಟ್ಟಿದಾಗ ಸೂರ್ಯ ತಲೆಯ ಮೇಲಿದ್ದ. ಒಂದು ಕಡೆ ಕಾಡಿನ ನಡುವೆ ಕೆರೆಯ ನೀರು, ಇನ್ನೊಂದು ಕಡೆ ಬಹಳ ದೂರಕ್ಕೆ ಸಮುದ್ರದ ಖಾಡಿಯ ಬಿಳಿ ಗೆರೆ, ನಡುವೆ ರೈಲು ಹಳಿ. ನಮ್ಮ ಚಾಳು ಯಾವುದೆಂದು ಗೊತ್ತಾಗಲಿಲ್ಲ. ಅತ್ತೆ ಕಾಲು ಚಾಚಿ ಕೂತು ಮೊಣಕಾಲು ನೀವಿಕೊಳ್ಳುತ್ತ, ಇಷ್ಟು ದೊಡ್ಡ ನೀರು ಇಷ್ಟು ಹತ್ತಿರ ಇದ್ದದ್ದು ಯಾರೂ ಹೇಳಲಿಲ್ಲವಲ್ಲ ಎಂದು ಗೊಣಗಿದರು. ಶೆಟ್ಟರು ಬುತ್ತಿ ಬಿಚ್ಚಿದರು. ನಾನು ಬಂಡೆಗೆ ಒರಗಿ ನಿಂತು ಇಡ್ಲಿ ತಿಂದೆ. ಅಂಥ ಹಸಿವು ನನಗೆ ರೋಗ ಬಂದಾಗಿನಿಂದ ಆಗಿರಲಿಲ್ಲ.

ಇಲ್ಲಿಗೇ ಮುಗಿಸಿದರೆ ಕಥೆ ಚೆಂದ. ಆದರೆ ಆ ವಾರವೇ ನನಗೆ ಜ್ವರ ಬಂತು. ಮೈಯೆಲ್ಲ ನೋವು, ಸೊಂಟವೂ ಸೇರಿ. ಇವರ ಮುಖ ಸುಣ್ಣದಂತಾಯಿತು. ಮತ್ತೆ ಪರೇಲು, ಮತ್ತೆ ಅದೇ ಕಾಯುವ ಕೋಣೆ. ಫೋಟೋ ತೆಗೆದು, ಅದು ತೊಳೆದು ಬರುವತನಕ ಕಾಯಿರಿ ಎಂದರು. ಇಷ್ಟು ವರ್ಷಗಳಲ್ಲಿ ಹೊರಗೆ ಒಂದು ಮಾತೂ ಜೋರಾಗಿ ಆಡದ ನನ್ನ ಗಂಡ ಆ ತುಂಬಿದ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ಮತ್ತ ನಿನ್ನ ಆ ಪ್ಲಾಸ್ಟರಿನ್ಯಾಗ ನೋಡೂ ಶಕ್ತಿ ನನಗಿಲ್ಲ. ನಿನಗ ಇದ್ದೀತು. ನನಗಿಲ್ಲ."

ನಾನು ಮಲಗಿದ್ದ ದಿನಗಳಲ್ಲಿ ಅವರೂ ಏನನ್ನೋ ಹೊತ್ತಿದ್ದರೆಂದು ನನಗೆ ಆಗ ಹೊಳೆಯಿತು. ಮನಸ್ಸು ಕರಗಿತು. ಆದರೂ ಮಾತು ಬದಲಿಸಲಿಲ್ಲ.

"ಮತ್ತ ಬಂದಿದ್ರ ಮತ್ತ ಮಲಗತೀನ್ರಿ. ಎದ್ದ ಮ್ಯಾಲೆ ಮತ್ತ ಹತ್ತತೀನಿ. ಹೆದರಿ ಮನ್ಯಾಗ ಇದ್ರ ರೋಗ ಬರೂದಿಲ್ಲ ಅಂತ ಡಾಕ್ಟರ್ ಬರದು ಕೊಡಲಿ, ಇರತೀನಿ."

ಅವರು ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರ ಎದುರಿಗೆ ಹಾಗೆ ಮಾಡುವವರಲ್ಲ ಅವರು. ಕರೆಯುವತನಕ ಬಿಡಲಿಲ್ಲ.

ಡಾಕ್ಟರು ಹಳೆಯ ಫೋಟೋ, ಹೊಸ ಫೋಟೋ ಎರಡನ್ನೂ ದೀಪದ ಮುಂದೆ ಜೋಡಿಸಿದರು. ಈ ಸಲ ಅವರು ಮಾತಾಡಿದ್ದು ನನ್ನೊಂದಿಗೆ, ಮರಾಠಿಯಲ್ಲಿ. ಕೀಲಿಗೆ ಏನೂ ಆಗಿಲ್ಲ, ಇದು ಊರಿಗೆಲ್ಲ ಹರಡಿರುವ ಜ್ವರ, ನಾಲ್ಕು ದಿನ ಗಂಜಿ ಕುಡಿಯಿರಿ. ಎದ್ದು ಬಾಗಿಲತನಕ ಬಂದಾಗ ಹಿಂದಿನಿಂದ ಕೇಳಿದರು: "ಹತ್ತಿದಿರಾ?" ಹತ್ತಿದೆ ಎಂದೆ. ಅವರು ತಲೆದೂಗಿ ಮುಂದಿನ ರೋಗಿಯನ್ನು ಕರೆದರು.

ಈಗಲೂ ನನಗೆ ನೋವಿದೆ. ಮಳೆ ಬರುವ ಮೊದಲೇ ಸೊಂಟಕ್ಕೆ ಗೊತ್ತಾಗುತ್ತದೆ. ಈಗಲೂ ನಾನು ಕುಂಟುತ್ತೇನೆ, ಈಗಲೂ ಮಕ್ಕಳು ಅಣಕಿಸುತ್ತಾರೆ. ಪ್ಲಾಸ್ಟರಿನೊಳಗಿರುವ ತಂಗಿಗೆ ಗುಡ್ಡ ಹತ್ತು ಎಂದು ನಾನು ಹೇಳುತ್ತಿಲ್ಲ. ನಿನ್ನಿಂದ ಆಗುವುದೇನು ಎಂದು ನಿನ್ನ ಕಾಲನ್ನೇ ಕೇಳು, ನೋಡಲು ಬಂದವರನ್ನು ಕೇಳಬೇಡ ಎನ್ನುತ್ತಿದ್ದೇನೆ.

ಜ್ವರ ಬಿಟ್ಟು ಮೈಗೆ ಬಲ ಬಂದ ಮೇಲೆ ಒಂದು ರವಿವಾರ ಬೂಟು ಕಟ್ಟಿಸಿಕೊಂಡು ಹೊರಟಾಗ, ಇವರು ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಮೆಟ್ಟಿಲ ಬಳಿ ನಿಂತಿದ್ದರು. ಹೋಟೆಲಿನ ಮುಂದೆ ಮಾಸ್ತರರು ಸಾಲು ಮಾಡುತ್ತ, "ರಾವಸಾಹೇಬ, ನೀವು ಗಟ್ಟಿ ಇದ್ದೀರಿ, ಹಿಂದ ನಿಲ್ರಿ" ಎಂದರು.

"ಇಲ್ರಿ. ಆಕಿ ಹಿಂದ ನಿಲ್ಲತೀನಿ" ಎಂದರು ಇವರು.

ಮದುವೆಯಾದಾಗಿನಿಂದ ರಸ್ತೆಯಲ್ಲಿ ಇವರು ಮುಂದೆ, ನಾನು ನಾಲ್ಕು ಮಾರು ಹಿಂದೆ ನಡೆದವರು. ಈಗ ನಾನು ಮುಂದೆ, ಇವರು ನನ್ನ ಬೆನ್ನಿಗೆ, ಆಮೇಲೆ ಅತ್ತೆ, ಶೆಟ್ಟರು, ಅವರ ಹಿಂದೆ ಉಳಿದ ಜನ. ಏರು ಶುರುವಾದ ಮೇಲೆ ಹಿಂದಿನಿಂದ ಇವರ ದನಿ ಕೇಳಿಸಿತು.

"ಸ್ವಲ್ಪ ನಿಲ್ಲೂಣೇನು? ನಿನಗ ದಣಿವಾಗಿರಬೇಕು."

"ನನಗಾಗಿಲ್ರಿ."

ಮತ್ತೆ ಕೆಲವು ಹೆಜ್ಜೆ. ಕಲ್ಲಿನ ಮೇಲೆ ಇವರ ಚಪ್ಪಲಿ ಜಾರುವ ಸದ್ದು, ಇವರ ಉಸಿರಿನ ಸದ್ದು. ಕಚೇರಿಯ ಕುರ್ಚಿಯ ಮೇಲೆ ಆಯುಷ್ಯ ಕಳೆದವರು.

"ಇಂದಿರಾ" ಎಂದರು ಮೆಲ್ಲಗೆ, ಹಿಂದಿನವರಿಗೆ ಕೇಳಬಾರದೆಂಬಂತೆ. "ನನಗ ಆಗೇದ."

ನಾನು ಕೈ ಎತ್ತಿದೆ. ಗುಡ್ಡದ ಬುಡದತನಕ ಇಡೀ ಸಾಲು ನಿಂತಿತು.